ಮೆಲಟೋನಿನ್ ಮಾತ್ರೆ ವಿಮರ್ಶೆ: ನಿದ್ದೆಗೆ ಸರಿ, ಕ್ಯಾನ್ಸರ್‌ಗೆ ಎಂದು ಕೊಳ್ಳಬೇಡಿ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪದ ಮೆಡಿಕಲ್ ಶಾಪ್‌ಗಳಲ್ಲಿ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನಿನ ಮಾತ್ರೆ ಈಗ ಅಪರೂಪದ ಸರಕಲ್ಲ. 3, 5, 10 ಮಿ.ಗ್ರಾಂ ಮಾತ್ರೆಯ ಸ್ಟ್ರಿಪ್ ಕೇಳಿದರೆ ಸಿಗುತ್ತದೆ. ಗಮ್ಮಿ, ಸ್ಪ್ರೇ, ನಾಲಗೆಯ ಮೇಲೆ ಕರಗುವ ಪಟ್ಟಿ ಬೇಕೆಂದವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರೆ. ಬಹುಪಾಲು ಮಂದಿ ಕೊಳ್ಳುವುದು ನಿದ್ದೆಗೆ. ಇನ್ನೊಂದು ಬಗೆಯ ಗಿರಾಕಿಗಳೂ ಇದ್ದಾರೆ. ಮನೆಯಲ್ಲಿ ಸ್ತನದ ಕ್ಯಾನ್ಸರೋ ಶ್ವಾಸಕೋಶದ ಕ್ಯಾನ್ಸರೋ ಇರುವವರು, ಫೋನಿಗೆ ಬಂದ ಸಂದೇಶ ತೋರಿಸಿ, “ಇದು ಗಡ್ಡೆ ಬೆಳೆಯೋದನ್ನ ತಡೆಯುತ್ತಂತಲ್ಲ, ದಿನಕ್ಕೆ 20 ಮಿ.ಗ್ರಾಂ ತಗೋಬೇಕಂತೆ” ಎಂದು ಕೇಳುವವರು. ಈ ವಿಮರ್ಶೆ ಮುಖ್ಯವಾಗಿ ಅವರಿಗಾಗಿ.

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಹೊತ್ತು ತಪ್ಪಿದ ನಿದ್ದೆಯನ್ನು ದಾರಿಗೆ ತರುವ ಮಾತ್ರೆಯಾಗಿ 3 ಮಿ.ಗ್ರಾಂ ಸಾದಾ ಮಾತ್ರೆಗೆ ಐದಕ್ಕೆ ಮೂರೂವರೆ. ಕ್ಯಾನ್ಸರ್ ಔಷಧವಾಗಿ ಸೊನ್ನೆ. ಹಾಗೆಂದು ಆ ಸಂದೇಶ ಪೂರ್ತಿ ಕಟ್ಟುಕತೆಯಲ್ಲ. ಪ್ರಯೋಗಾಲಯದಲ್ಲಿ ನಿಜವಾಗಿ ಕಂಡ ಸಂಗತಿಯೊಂದು ಅದರ ಬುಡದಲ್ಲಿದೆ. ಅದನ್ನು ಬಿಡಿಸಿ ಹೇಳದೆ “ಅದೆಲ್ಲ ಬುರುಡೆ” ಎಂದು ಕಳಿಸಿಬಿಟ್ಟರೆ ಮನೆಯವರು ಪಕ್ಕದ ಅಂಗಡಿಗೆ ಹೋಗುತ್ತಾರೆ, ಅಷ್ಟೇ.

ಗ್ರಂಥಿ ಮಾಡುವ ಕೆಲಸ

ಪೀನಿಯಲ್ ಗ್ರಂಥಿ ಮಿದುಳಿನ ನಟ್ಟನಡುವೆ, ಎರಡು ಅರ್ಧಗೋಳಗಳ ಸಂದಿಯಲ್ಲಿ ಕುಳಿತಿದೆ. ತೂಕ 100ರಿಂದ 150 ಮಿ.ಗ್ರಾಂ, ಹೆಚ್ಚುಕಮ್ಮಿ ಒಂದು ಕಾಫಿ ಬೀಜದಷ್ಟು. ಊಟದ ಪ್ರೋಟೀನಿನಲ್ಲಿ ಸಿಗುವ ಟ್ರಿಪ್ಟೋಫಾನ್‌ನಿಂದ ಸೆರೊಟೋನಿನ್, ಸೆರೊಟೋನಿನ್‌ನಿಂದ ಮೆಲಟೋನಿನ್ ಇಲ್ಲಿ ತಯಾರಾಗುತ್ತದೆ. ಕೊನೆಯ ಹಂತಗಳನ್ನು ನಡೆಸುವ ಕಿಣ್ವ ಚುರುಕಾಗುವುದು ಕತ್ತಲಾದ ಮೇಲೆ. ಕಣ್ಣಿನ ರೆಟಿನಾದಲ್ಲಿ ಬೆಳಕಿನ ಹೊತ್ತನ್ನಷ್ಟೇ ಅಳೆಯುವ ಕೋಶಗಳಿವೆ. ಸುಮಾರು 480 ನ್ಯಾನೊಮೀಟರ್‌ನ ನೀಲಿ ಬೆಳಕು ಅವುಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ತಾಗುತ್ತದೆ. ತಾಗಿದ ಕೂಡಲೇ ಗ್ರಂಥಿಗೆ “ಇನ್ನೂ ಹಗಲು” ಎಂಬ ಸುದ್ದಿ ಹೋಗಿ ಉತ್ಪಾದನೆ ಇಳಿಯುತ್ತದೆ.

ಹಗಲಿನಲ್ಲಿ ರಕ್ತದ ಒಂದು ಮಿ.ಲೀ.ಗೆ 10 ಪಿಕೋಗ್ರಾಂಗಿಂತ (ಒಂದು ಪಿಕೋಗ್ರಾಂ ಎಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಕಡಿಮೆ ಮೆಲಟೋನಿನ್ ಇರುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ಏರಲು ಶುರುವಾಗಿ, ಎರಡರಿಂದ ನಾಲ್ಕು ಗಂಟೆಯ ನಡುವೆ ಆರೋಗ್ಯವಂತ ಯುವಕರಲ್ಲಿ 60ರಿಂದ 80ರ ಆಸುಪಾಸು ಮುಟ್ಟುತ್ತದೆ. ವಯಸ್ಸಾದಂತೆ ಈ ಶಿಖರ ತಗ್ಗುತ್ತದೆ. ಅಂಕಿಗಳನ್ನು ನೆನಪಿನಲ್ಲಿಡಿ, ಮುಂದೆ ಲೆಕ್ಕಕ್ಕೆ ಬೇಕು. ಈ ಹಾರ್ಮೋನನ್ನು 1958ರಲ್ಲಿ ದನದ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್. ಅವರು ಹುಡುಕುತ್ತಿದ್ದದ್ದು ಚರ್ಮದ ಬಣ್ಣಕ್ಕೆ ಸಂಬಂಧಿಸಿದ ವಸ್ತುವನ್ನು. ನಿದ್ದೆ, ಕ್ಯಾನ್ಸರ್ ಎಲ್ಲ ಆಮೇಲೆ ಬಂದ ಮಾತು.

ತಟ್ಟೆಯಲ್ಲಿ ಕಂಡದ್ದು

1988ರಲ್ಲಿ ಸ್ಟೀವನ್ ಹಿಲ್ ಮತ್ತು ಡೇವಿಡ್ ಬ್ಲಾಸ್ಕ್ ಎಂಬ ಅಮೆರಿಕದ ವಿಜ್ಞಾನಿಗಳು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ, ಮೆಲಟೋನಿನ್ ಬೆರೆಸಿದ ದ್ರವದಲ್ಲಿ ಬೆಳೆಸಿ ನೋಡಿದರು. ಕೋಶಗಳ ಸಂಖ್ಯೆ ಏರುವ ವೇಗ ಗಣನೀಯವಾಗಿ ಕುಸಿಯಿತು. ಹೆಚ್ಚು ಮುಖ್ಯವಾದದ್ದು ಪ್ರಮಾಣ. ಮನುಷ್ಯನ ರಕ್ತದಲ್ಲಿ ಸಹಜವಾಗಿ ಸಿಗುವ ಮಟ್ಟದ ಸುತ್ತಮುತ್ತ ಮಾತ್ರ ಈ ಪರಿಣಾಮ ಇತ್ತು. ಅದಕ್ಕಿಂತ ತೀರಾ ಕಡಿಮೆ ಹಾಕಿದರೂ ಇಲ್ಲ, ತೀರಾ ಹೆಚ್ಚು ಹಾಕಿದರೂ ಇಲ್ಲ. “ಹೆಚ್ಚು ತಗೊಂಡರೆ ಹೆಚ್ಚು ಗುಣ” ಎಂಬ ನಂಬಿಕೆಗೆ ಮೂಲ ಪ್ರಯೋಗದಲ್ಲೇ ಆಧಾರವಿಲ್ಲ.

ಇದು ನಡೆಯುವ ಬಗೆ ಸ್ಥೂಲವಾಗಿ ಹೀಗೆ: ಕೋಶದ ಮೇಲಿರುವ ಎಂಟಿ1 ಎಂಬ ಗ್ರಾಹಕಕ್ಕೆ (ಹಾರ್ಮೋನು ಬಂದು ಕೂರುವ ಜಾಗ) ಮೆಲಟೋನಿನ್ ಅಂಟಿಕೊಳ್ಳುತ್ತದೆ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ವಸ್ತುವಿನ ಮಟ್ಟ ಇಳಿಯುತ್ತದೆ, ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕೊಡುವ “ಬೆಳೆ” ಎಂಬ ಆಜ್ಞೆ ದುರ್ಬಲವಾಗುತ್ತದೆ. ಜೊತೆಗೆ ಗಡ್ಡೆಯ ಕೋಶಗಳು ಲಿನೋಲಿಕ್ ಆಮ್ಲ ಎಂಬ ಕೊಬ್ಬನ್ನು ಹೀರಿಕೊಳ್ಳುವುದೂ ತಗ್ಗುತ್ತದೆ. ಆ ಕೊಬ್ಬಿನಿಂದ ತಯಾರಾಗುವ ಒಂದು ವಸ್ತು ಕೋಶವಿಭಜನೆಗೆ ಕುಮ್ಮಕ್ಕು ಕೊಡುವಂಥದ್ದು. ಎಂಸಿಎಫ್-7 ಈಸ್ಟ್ರೋಜನ್ ಗ್ರಾಹಕ ಇರುವ ಜಾತಿಯ ಕೋಶ. ಸ್ತನ ಕ್ಯಾನ್ಸರ್‌ಗಳೆಲ್ಲ ಹಾಗಿಲ್ಲ. ಒಂದು ಜಾತಿಯ ಕೋಶದಲ್ಲಿ ಕಂಡದ್ದನ್ನು ಹೊಟ್ಟೆ, ಬಾಯಿ, ಗರ್ಭಕಂಠ, ರಕ್ತದ ಕ್ಯಾನ್ಸರ್‌ಗೆಲ್ಲ ಹಚ್ಚುವುದು ತಪ್ಪು.

2005ರ ಪ್ರಯೋಗವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವಿಷಯದಲ್ಲಿ ನನಗೆ ಅತಿ ಗಟ್ಟಿಯಾಗಿ ಕಾಣುವುದು ಅದೇ. ಬ್ಲಾಸ್ಕ್ ಮತ್ತು ಸಂಗಡಿಗರು ಇನ್ನೂ ಮುಟ್ಟು ನಿಲ್ಲದ ಆರೋಗ್ಯವಂತ ಹೆಂಗಸರಿಂದ ಮೂರು ಹೊತ್ತಿನಲ್ಲಿ ರಕ್ತ ತೆಗೆದರು: ಹಗಲಿನಲ್ಲಿ ಒಮ್ಮೆ, ನಡುರಾತ್ರಿ ಕತ್ತಲೆಯಲ್ಲಿ ಒಮ್ಮೆ, ರಾತ್ರಿಯೇ ಪ್ರಖರ ಬೆಳಕಿಗೆ ಕೂರಿಸಿದ ಮೇಲೆ ಇನ್ನೊಮ್ಮೆ. ಮನುಷ್ಯರ ಸ್ತನ ಕ್ಯಾನ್ಸರ್ ಗಡ್ಡೆಯನ್ನು ಇಲಿಗಳ ಮೈಯಲ್ಲಿ ಬೆಳೆಸಿ, ಆ ಗಡ್ಡೆಗಳ ಮೂಲಕ ಈ ರಕ್ತವನ್ನು ಹರಿಸಿದರು. ಕತ್ತಲೆಯ ರಕ್ತ ಹರಿದ ಗಡ್ಡೆಯಲ್ಲಿ ಬೆಳವಣಿಗೆಯ ಚಟುವಟಿಕೆ ಸ್ಪಷ್ಟವಾಗಿ ತಗ್ಗಿತು. ಹಗಲಿನ ರಕ್ತಕ್ಕೆ ಆ ಗುಣ ಇರಲಿಲ್ಲ. ಬೆಳಕಿಗೆ ಒಡ್ಡಿದವರ ರಾತ್ರಿ ರಕ್ತಕ್ಕೂ ಇರಲಿಲ್ಲ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಮೈಯೇ ತಯಾರಿಸಿದ ಹಾರ್ಮೋನು, ಕತ್ತಲೆ ಇದ್ದುದರಿಂದ ತಯಾರಾದದ್ದು.

ಹೊತ್ತಿನ ಮಾತೂ ಇದೆ. 1981ರಲ್ಲಿ ಬಾರ್ಟ್ಷ್ ದಂಪತಿ ಗಡ್ಡೆ ಇರುವ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಸಂಜೆಯತ್ತ ಕೊಟ್ಟ ಮೆಲಟೋನಿನ್ ಗಡ್ಡೆಯನ್ನು ತಡೆಯಿತು, ಬೆಳಿಗ್ಗೆ ಕೊಟ್ಟದ್ದು ಬೆಳೆಸಿತು. ಇಲಿಯ ಫಲಿತಾಂಶ ಮನುಷ್ಯನಿಗೆ ನೇರವಾಗಿ ಅನ್ವಯಿಸುವುದಿಲ್ಲ, ಒಪ್ಪುತ್ತೇನೆ. ಆದರೆ “ದಿನಕ್ಕೆ ಮೂರು ಹೊತ್ತು ತಗೊಳ್ಳಿ” ಎಂದು ಹಂಚಿಕೆಯಾಗುವ ಸಂದೇಶಗಳನ್ನು ಕಂಡಾಗ ಈ ಪ್ರಯೋಗ ನೆನಪಾಗಿ ಮೈ ಜುಂ ಎನ್ನುತ್ತದೆ.

ತಟ್ಟೆಯಿಂದ ಸ್ಟ್ರಿಪ್‌ಗೆ ಬರುವಾಗ ಲೆಕ್ಕ ತಪ್ಪುವುದು ಎಲ್ಲಿ

ಇಂಟರ್ನೆಟ್‌ನಲ್ಲಿ “ಮೆಲಟೋನಿನ್ ಕ್ಯಾನ್ಸರ್ ಕೋಶಗಳನ್ನು ಕೊಂದಿತು” ಎಂದು ಬರುವ ಎಷ್ಟೋ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ 1 ಮಿಲಿಮೋಲಾರ್. ಅಂದರೆ ಒಂದು ಮಿ.ಲೀ. ದ್ರವದಲ್ಲಿ 232 ಮೈಕ್ರೋಗ್ರಾಂ (ಒಂದು ಮೈಕ್ರೋಗ್ರಾಂ ಎಂದರೆ ಹತ್ತು ಲಕ್ಷ ಪಿಕೋಗ್ರಾಂ). ನಡುರಾತ್ರಿಯ ಸಹಜ ರಕ್ತದಲ್ಲಿ ಇರುವುದು 70 ಪಿಕೋಗ್ರಾಂ. ಮೂವತ್ತು ಲಕ್ಷ ಪಟ್ಟಿಗೂ ಹೆಚ್ಚಿನ ಅಂತರ. ಸರಿ, ಮಾತ್ರೆ ನುಂಗಿದರೆ? ಬಾಯಿಯಿಂದ ಹೋದ ಮೆಲಟೋನಿನ್‌ನ ದೊಡ್ಡ ಪಾಲನ್ನು ಲಿವರ್ ಮೊದಲ ಸುತ್ತಿನಲ್ಲೇ ಒಡೆದುಹಾಕುತ್ತದೆ. ರಕ್ತಕ್ಕೆ ತಲುಪುವುದು ಸರಾಸರಿ ನೂರಕ್ಕೆ ಹದಿನೈದು ಅಥವಾ ಅದಕ್ಕೂ ಕಡಿಮೆ, ಒಬ್ಬರಿಂದ ಒಬ್ಬರಿಗೆ ಭಾರಿ ವ್ಯತ್ಯಾಸ. ಆರೋಗ್ಯವಂತರು 10 ಮಿ.ಗ್ರಾಂ ನುಂಗಿದಾಗ ರಕ್ತದಲ್ಲಿ ಕಂಡ ಶಿಖರ ಮಿ.ಲೀ.ಗೆ 3,500 ಪಿಕೋಗ್ರಾಂ ಸುಮಾರು. ಅದು ಸಹಜ ಮಟ್ಟದ 50 ಪಟ್ಟು. ಆದರೂ ಕೋಶ ಕೊಂದ ಆ ತಟ್ಟೆಯ ಮಟ್ಟಕ್ಕೆ ಅರವತ್ತು ಸಾವಿರ ಪಟ್ಟು ಕೆಳಗೆ. ಡಬ್ಬಿ ಖಾಲಿ ಮಾಡಿದರೂ ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನೊಂದು ತೊಡಕು ಅರ್ಧಾಯು. ಸುಮಾರು 50 ನಿಮಿಷಕ್ಕೊಮ್ಮೆ ರಕ್ತದಲ್ಲಿರುವುದು ಅರ್ಧವಾಗುತ್ತಾ ಹೋಗುತ್ತದೆ. 3,500 ಇದ್ದದ್ದು ಐದು ಗಂಟೆಯಲ್ಲಿ 55ಕ್ಕೆ ಬರುತ್ತದೆ. ಅಂದರೆ ರಾತ್ರಿಯ ಮೊದಲ ಭಾಗದಲ್ಲಿ ವಿಪರೀತ ಹೆಚ್ಚು, ಬೆಳಗಿನ ಜಾವಕ್ಕೆ ಮಾಮೂಲಿ. ಗ್ರಂಥಿ ಕೊಡುವ ನಿಧಾನದ ಏರಿಳಿತವನ್ನು ಸಾದಾ ಮಾತ್ರೆ ನಕಲು ಮಾಡುವುದಿಲ್ಲ.

ರೋಗಿಗಳ ಮೇಲಿನ ಪ್ರಯೋಗ

20 ಮಿ.ಗ್ರಾಂ ಎಂಬ ಸಂಖ್ಯೆ ಬಂದದ್ದು ಇಟಲಿಯ ಮೋಂಜಾ ಊರಿನ ಪಾವೊಲೊ ಲಿಸ್ಸೋನಿ ಎಂಬ ವೈದ್ಯರ ಬಳಗದಿಂದ. 1990ರ ದಶಕದಲ್ಲಿ ಕೀಮೋ ಜೊತೆಗೆ ರಾತ್ರಿ 20 ಮಿ.ಗ್ರಾಂ ಕೊಟ್ಟ ಅವರ ವರದಿಗಳು ಬಹಳ ಆಶಾದಾಯಕವಾಗಿದ್ದವು. 2005ರಲ್ಲಿ ಇಂಥ ಹತ್ತು ಪ್ರಯೋಗಗಳ 643 ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗ, ಒಂದು ವರ್ಷದೊಳಗಿನ ಸಾವಿನ ಅಪಾಯ ಮೂರರಲ್ಲಿ ಒಂದು ಭಾಗ ತಗ್ಗಿದಂತೆ ಕಂಡಿತು. ಫೋನಿನಲ್ಲಿ ಓಡಾಡುವ ಸಂದೇಶದ ಮೂಲ ಇದೇ. ಅದರಲ್ಲಿ ಬಿಟ್ಟುಹೋಗುವ ಸಾಲು ಯಾವುದೆಂದರೆ, ಆ ಪ್ರಯೋಗಗಳು ಒಂದೇ ಸಂಶೋಧಕರ ಬಳಗದಿಂದ ಬಂದವು, ಯಾರಿಗೆ ಔಷಧ ಸಿಗುತ್ತಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು. ಹಾಗೆ ಗೊತ್ತಿದ್ದಾಗ ಆರೈಕೆಯಲ್ಲಿ, ದಾಖಲೆಯಲ್ಲಿ ಅರಿವಿಲ್ಲದೆ ವ್ಯತ್ಯಾಸ ನುಸುಳುತ್ತದೆ.

ಹುಸಿ ಮಾತ್ರೆ ಇಟ್ಟು, ಯಾರಿಗೂ ತಿಳಿಯದಂತೆ ನಡೆಸಿದ ದೊಡ್ಡ ಪ್ರಯೋಗ ಕೆನಡಾದಲ್ಲಿ ಆಯಿತು. ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡ 709 ಮಂದಿ. ಅರ್ಧ ಮಂದಿಗೆ ಒಂದು ವರ್ಷ ಪ್ರತಿ ರಾತ್ರಿ 20 ಮಿ.ಗ್ರಾಂ ಮೆಲಟೋನಿನ್. 2021ರಲ್ಲಿ ಫಲಿತಾಂಶ ಬಂತು. ಎರಡು ವರ್ಷದಲ್ಲಿ ರೋಗ ಮರುಕಳಿಸದೆ ಉಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ. ಅದಕ್ಕೂ ಮೊದಲು, 2007ರಲ್ಲಿ, ಮಿದುಳಿಗೆ ಹರಡಿದ ಕ್ಯಾನ್ಸರ್‌ಗೆ ರೇಡಿಯೇಷನ್ ಜೊತೆ 20 ಮಿ.ಗ್ರಾಂ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಬೆಳಿಗ್ಗೆ ಕೊಟ್ಟವರಿಗೂ ರಾತ್ರಿ ಕೊಟ್ಟವರಿಗೂ ಆಯಸ್ಸು ಹೆಚ್ಚಲಿಲ್ಲ. 2013ರ ಇನ್ನೊಂದರಲ್ಲಿ, ಊಟ ಸೇರದೆ ತೂಕ ಇಳಿದ ಕ್ಯಾನ್ಸರ್ ರೋಗಿಗಳ ಹಸಿವಿಗೂ ತೂಕಕ್ಕೂ ಹುಸಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಸಿಗಲಿಲ್ಲ.

ಹಾಗಾಗಿ ಸೊನ್ನೆ ಅಂಕ. ಪೀನಿಯಲ್ ಪೆಪ್ಟೈಡ್ ಎಂಬ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಮಾರುವ ಇಂಜೆಕ್ಷನ್ ಪುಡಿಗಳಿಗೆ ಅದೂ ಇಲ್ಲ, ಮುಟ್ಟಲೇಬೇಡಿ.

ಈಗ ಸರಕಿನ ಮಾತು

3 ಮಿ.ಗ್ರಾಂ ಸಾದಾ ಮಾತ್ರೆ, ಅಲ್ಯೂಮಿನಿಯಂ ಸ್ಟ್ರಿಪ್‌ನಲ್ಲಿ ಬರುವಂಥದ್ದು, ನನ್ನ ಆಯ್ಕೆ. ಅರ್ಧ ಮಾಡಿ ಒಂದೂವರೆ ಮಿ.ಗ್ರಾಂ ತೆಗೆದುಕೊಳ್ಳಬಹುದು, ಎಷ್ಟೋ ಮಂದಿಗೆ ಅಷ್ಟೇ ಸಾಕು. ಮೆಲಟೋನಿನ್‌ಗೆ ಬೆಳಕು ಆಗದು, ಹಾಗಾಗಿ ಪಾರದರ್ಶಕ ಡಬ್ಬಿಗಿಂತ ಎರಡೂ ಬದಿ ಅಲ್ಯೂಮಿನಿಯಂ ಇರುವ ಸ್ಟ್ರಿಪ್ ಒಳ್ಳೆಯದು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾರಣ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುವ ತೇವದಲ್ಲಿ ಅರವತ್ತು ಮಾತ್ರೆಯ ಡಬ್ಬಿಯನ್ನು ದಿನವೂ ತೆರೆದು ಮುಚ್ಚಿದರೆ ಮಾತ್ರೆ ಮೆತ್ತಗಾಗಿ ಅಂಚು ಉದುರಲು ಶುರುವಾಗುತ್ತದೆ. ಡಬ್ಬಿಯೇ ಕೊಂಡಿದ್ದರೆ ಒಳಗಿನ ಸಿಲಿಕಾ ಪೊಟ್ಟಣ ಬಿಸಾಡಬೇಡಿ. ಫ್ರಿಜ್‌ನಲ್ಲೂ ಇಡಬೇಡಿ: ಹೊರತೆಗೆದ ತಕ್ಷಣ ಒಳಗೆ ನೀರು ಹನಿಯುತ್ತದೆ. ಒಲೆಯ ಮೇಲಿನ ಅಟ್ಟ, ಬಚ್ಚಲುಮನೆಯ ಗೂಡು ಎರಡೂ ತಪ್ಪು ಜಾಗ.

ನಾಲಗೆಯ ಮೇಲೆ ಕರಗುವ ಪಟ್ಟಿ ಮಳೆಗಾಲದಲ್ಲಿ ಕವರಿನೊಳಗೇ ಅಂಟಿಕೊಳ್ಳುತ್ತದೆ, ಬೇಸಗೆಯಲ್ಲಿ ಪರವಾಗಿಲ್ಲ. ಸ್ಪ್ರೇಯಲ್ಲಿ ಒಂದು ಒತ್ತಿಗೆ ಎಷ್ಟು ಮಿ.ಗ್ರಾಂ ಎಂದು ಲೇಬಲ್ ಮೇಲೆ ಹುಡುಕಿ, ಇಲ್ಲದಿದ್ದರೆ ಬಿಡಿ.

ಗಮ್ಮಿಗೆ ನನ್ನ ವಿರೋಧವಿದೆ. ಸಿಹಿ ತಿಂಡಿಯಂತೆ ಕಾಣುವ ಹಾರ್ಮೋನನ್ನು ಮಕ್ಕಳಿರುವ ಮನೆಯಲ್ಲಿ ಇಡಬಾರದು. ಪ್ರಮಾಣವೂ ನಂಬುವಂತಿಲ್ಲ: 2023ರಲ್ಲಿ ಅಮೆರಿಕದ ಮಾರುಕಟ್ಟೆಯ 25 ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಲೇಬಲ್‌ಗೂ ಒಳಗಿರುವುದಕ್ಕೂ ತಾಳೆಯಾಗಲಿಲ್ಲ, ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. 2017ರ ಕೆನಡಾದ ಪರೀಕ್ಷೆಯಲ್ಲಿ ಮಾತ್ರೆ, ದ್ರವ ಎಲ್ಲ ಸೇರಿ 31 ಉತ್ಪನ್ನಗಳಲ್ಲಿ ಲೇಬಲ್‌ಗಿಂತ 83 ಶೇಕಡಾ ಕಡಿಮೆಯಿಂದ 478 ಶೇಕಡಾ ಹೆಚ್ಚಿನವರೆಗೂ ಸಿಕ್ಕಿತು. ಎಂಟರಲ್ಲಿ ಸೆರೊಟೋನಿನ್ ಬೆರೆತಿತ್ತು. ಅವು ಅಲ್ಲಿನ ಸರಕು. ಆದರೆ ಆಹಾರ ಪೂರಕವೆಂದು ಮಾರುವ ಕಡೆ ತಪಾಸಣೆ ಔಷಧದಷ್ಟು ಬಿಗಿಯಾಗಿರುವುದಿಲ್ಲ ಎಂಬ ಪಾಠ ಇಲ್ಲಿಗೂ ಸಲ್ಲುತ್ತದೆ.

ಆದ್ದರಿಂದ ಕೊಳ್ಳುವ ಮುಂಚೆ ಸ್ಟ್ರಿಪ್ ತಿರುಗಿಸಿ ನೋಡಿ. ಕೆಲವದರ ಮೇಲೆ ಔಷಧ ತಯಾರಿಕೆಯ ಲೈಸೆನ್ಸ್ ನಂಬರ್ ಇರುತ್ತದೆ, ಕೆಲವದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್. ಎರಡನೆಯದು ಆಹಾರ ಪೂರಕ; “ಔಷಧವಾಗಿ ಬಳಸಲು ಅಲ್ಲ” ಎಂಬರ್ಥದ ಇಂಗ್ಲಿಷ್ ಸಾಲು ಅದರ ಮೇಲೆ ಇರುತ್ತದೆ. ಎರಡೂ ಎದುರಿಗಿದ್ದರೆ ಔಷಧ ಲೈಸೆನ್ಸ್ ಇರುವುದನ್ನೇ ತೆಗೆದುಕೊಳ್ಳಿ. ಬೆಲೆ ಕಂಪನಿಯಿಂದ ಕಂಪನಿಗೆ ಹಲವು ಪಟ್ಟು ಬೇರೆ. ದುಬಾರಿ ಎಂದ ಮಾತ್ರಕ್ಕೆ ಒಳ್ಳೆಯದಲ್ಲ. ಅಶ್ವಗಂಧ, ತಗರ, ಎಲ್-ಥಿಯಾನಿನ್ ಎಲ್ಲ ಸೇರಿಸಿದ ಮಿಶ್ರಣವನ್ನು ಕೀಮೋ ನಡೆಯುತ್ತಿರುವವರು ತೆಗೆದುಕೊಳ್ಳಬಾರದು. ಲಿವರ್ ಪರೀಕ್ಷೆಯ ಅಂಕಿ ಏರಿದರೆ ಕಾರಣ ಕೀಮೋನೋ ಬೇರೋ ಎಂದು ಹೇಳಲಾಗದೆ ವೈದ್ಯರು ಮುಂದಿನ ಸುತ್ತನ್ನೇ ಮುಂದೂಡಬೇಕಾಗಬಹುದು. ಕ್ಯಾನ್ಸರ್ ವಾಸಿ ಮಾಡುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ಅಂಥ ಮಾತು ಇರುವ ಡಬ್ಬಿ ಕಂಡರೆ ಅಲ್ಲೇ ಇಟ್ಟು ಬನ್ನಿ.

2 ಮಿ.ಗ್ರಾಂನ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಯುರೋಪಿನಲ್ಲಿ 2007ರಲ್ಲಿ ಅನುಮತಿ ಸಿಕ್ಕಿದ್ದು 55 ದಾಟಿದವರ ನಿದ್ರಾಹೀನತೆಗೆ. ನಡುರಾತ್ರಿ ಎಚ್ಚರವಾಗುವವರಿಗೆ ಇದು ಸಾದಾ ಮಾತ್ರೆಗಿಂತ ಹೊಂದುತ್ತದೆ. ಅದನ್ನು ಮುರಿಯಬಾರದು, ಜಗಿಯಬಾರದು; ಹಾಗೆ ಮಾಡಿದರೆ ಒಂದೇ ಸಲಕ್ಕೆ ಬಿಡುಗಡೆಯಾಗಿ ಸಾದಾ ಮಾತ್ರೆಯೇ ಆಗುತ್ತದೆ.

ತೆಗೆದುಕೊಳ್ಳುವ ಕ್ರಮ, ಕೆಲಸ ಮಾಡದಿರುವ ಕಾರಣ

ಮಲಗುವ ಒಂದು ಗಂಟೆ ಮೊದಲು, ಊಟವಾಗಿ ಎರಡು ಗಂಟೆ ಕಳೆದ ಮೇಲೆ. ರಾತ್ರಿ ಎಂಟಕ್ಕೆ ಊಟ, ಹತ್ತಕ್ಕೆ ಮಾತ್ರೆ, ಹನ್ನೊಂದಕ್ಕೆ ದೀಪ ಆರಿಸುವುದು. ಹೊಟ್ಟೆ ತುಂಬಿದಾಗ ನುಂಗಿದರೆ ಹೀರಿಕೆ ತಡವಾಗುತ್ತದೆ. ಜೊತೆಗೆ ಊಟದ ಸಮೀಪ ತೆಗೆದುಕೊಂಡ ಮೆಲಟೋನಿನ್ ಕೆಲವರಲ್ಲಿ ಸಕ್ಕರೆ ನಿಯಂತ್ರಣವನ್ನು ಕೆಡಿಸುತ್ತದೆ, ಡಯಾಬಿಟಿಸ್ ಇರುವವರು ಇದನ್ನು ಗಮನಿಸಬೇಕು. ಒಂದೂವರೆ ಮಿ.ಗ್ರಾಂನಿಂದ ಶುರು ಮಾಡಿ, ವಾರ ನೋಡಿ, ಬೇಕಾದರೆ ಮೂರು. ಅದಕ್ಕೂ ಜಗ್ಗದಿದ್ದರೆ ಹತ್ತಕ್ಕೆ ಏರಿಸುವ ಬದಲು ಬೇರೆ ಕಾರಣ ಹುಡುಕಿ.

ಕೊಡಗಿನಲ್ಲಿ ಮೊದಲು ಹುಡುಕಬೇಕಾದ ಕಾರಣ ಸಂಜೆಯ ಕಾಫಿ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಕೆಫೀನ್ ಇದೆ, ಮನೆಯ ಬೆಲ್ಲದ ಕಾಫಿ ಹೆಚ್ಚಾಗಿ ರೊಬಸ್ಟಾದ್ದೇ. ಮಲಗುವ ಮೂರು ಗಂಟೆ ಮೊದಲು ಎರಡು ಎಸ್‌ಪ್ರೆಸ್ಸೊದಷ್ಟು ಕೆಫೀನ್ ಹೋದರೆ ಮೈಯೊಳಗಿನ ಮೆಲಟೋನಿನ್ ಗಡಿಯಾರ ಸುಮಾರು 40 ನಿಮಿಷ ಹಿಂದೆ ಬೀಳುತ್ತದೆ ಎಂದು 2015ರ ಪ್ರಯೋಗ ತೋರಿಸಿತು. ಮಜವೆಂದರೆ, ಕೆಫೀನ್ ಮತ್ತು ಮೆಲಟೋನಿನ್ ಎರಡನ್ನೂ ಲಿವರ್‌ನಲ್ಲಿ ಒಡೆಯುವುದು ಸಿವೈಪಿ1ಎ2 ಎಂಬ ಒಂದೇ ಕಿಣ್ವ. ಹಾಗಾಗಿ ಕಾಫಿಯ ಹಿಂದೆಯೇ ಮಾತ್ರೆ ನುಂಗಿದರೆ ರಕ್ತದ ಮೆಲಟೋನಿನ್ ಎರಡು ಪಟ್ಟಿಗೂ ಮೀರಿ ಏರುತ್ತದೆ, ನಿದ್ದೆ ಮಾತ್ರ ಬರುವುದಿಲ್ಲ, ಬೆಳಿಗ್ಗೆ ತಲೆಭಾರ. ಕಡೆಯ ಕಾಫಿ ಮಧ್ಯಾಹ್ನ ಎರಡರೊಳಗೆ ಮುಗಿಸಿ.

ಅದೇ ಕಿಣ್ವದ ಕಾರಣ ಸಿಗರೇಟು ಸೇದುವವರಲ್ಲಿ ಮಾತ್ರೆ ಬೇಗ ಕರಗಿಹೋಗುತ್ತದೆ. ಸಿಪ್ರೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರಲ್ಲಿ ಮಟ್ಟ ಏರಬಹುದು. ಫ್ಲುವೊಕ್ಸಮಿನ್ ಎಂಬ ಮಾನಸಿಕ ಔಷಧದ ಜೊತೆಗಂತೂ ಸೇರಿಸಲೇಬಾರದು, ರಕ್ತಕ್ಕೆ ಸಿಗುವ ಒಟ್ಟು ಮೆಲಟೋನಿನ್ 17 ಪಟ್ಟು ಹೆಚ್ಚಿದ್ದು ದಾಖಲಾಗಿದೆ. ಮದ್ಯದ ಜೊತೆಯೂ ಬೇಡ.

ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು: ನಿದ್ದೆ ಬಾರದೆ ಹೊರಳಾಡಿ, ರಾತ್ರಿ ಎರಡಕ್ಕೆ ಎದ್ದು ಮಾತ್ರೆ ನುಂಗುವುದು. ಬೆಳಿಗ್ಗೆ ಆರಕ್ಕೆ ಮಂಜಿನಲ್ಲಿ ಸಂಪಾಜೆ ಘಾಟಿ ಇಳಿಯುವವರು ಹಾಗೆ ಮಾಡಿದರೆ ಅಪಾಯ. ನುಂಗಿದ ಮೇಲೆ ಕನಿಷ್ಠ ಐದು ಗಂಟೆ ಗಾಡಿ ಓಡಿಸಬೇಡಿ. ಮೊದಲ ಸಲ ತೆಗೆದುಕೊಳ್ಳುವಾಗ ಮರುದಿನ ಪ್ರಯಾಣವಿಲ್ಲದ ರಾತ್ರಿಯನ್ನೇ ಆರಿಸಿ. ವಯಸ್ಸಾದವರು ರಾತ್ರಿ ಎದ್ದು ಹೊರಗಿನ ಬಚ್ಚಲಿಗೆ ಹೋಗುವ ಮನೆಯಾದರೆ, ತಲೆ ಸುತ್ತಿ ಬೀಳದಂತೆ ಯಾರಾದರೂ ಜೊತೆಗಿರಬೇಕು.

ಚಿಕಿತ್ಸೆಯಲ್ಲಿರುವವರಿಗೆ

ಕ್ಯಾನ್ಸರ್ ರೋಗಿಗೆ ನಿದ್ದೆ ಇಲ್ಲದಿರುವುದು ನಿಜವಾದ ಸಂಕಟ, ಅದಕ್ಕೆ ಪರಿಹಾರ ಕೇಳುವುದು ತಪ್ಪಲ್ಲ. ಮಾತ್ರೆಗಿಂತ ಮೊದಲು ಮಾಡಬೇಕಾದ ಕೆಲಸ: ಚೀಟಿಯಲ್ಲಿ ಡೆಕ್ಸಾಮೆಥಾಸೋನ್ ಇದೆಯೇ ನೋಡಿ. ಕೀಮೋ ದಿನ ಮತ್ತು ಮುಂದಿನ ಒಂದೆರಡು ದಿನ ವಾಂತಿ ತಡೆಯಲು ಕೊಡುವ ಈ ಸ್ಟೆರಾಯ್ಡ್‌ನ ಎರಡನೇ ಡೋಸ್ ರಾತ್ರಿ ಊಟದ ನಂತರ ಬಿದ್ದರೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನಕ್ಕೆ ಬದಲಿಸಬಹುದೇ ಎಂದು ಕ್ಯಾನ್ಸರ್ ವೈದ್ಯರನ್ನು ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ಟಮಾಕ್ಸಿಫೆನ್, ಲೆಟ್ರೋಜೋಲ್ ಎಂಬ ಸ್ತನ ಕ್ಯಾನ್ಸರ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ ಮೈ ಬಿಸಿಯೇರಿ ಬೆವರಿ ಎಚ್ಚರವಾಗುತ್ತದೆ. ಅದಕ್ಕೆ ಬೇರೆಯೇ ಔಷಧಗಳಿವೆ. ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ಬೀಳದೆ ಎಚ್ಚರವಾಗುವುದೂ ಬಹಳ.

ಮೆಲಟೋನಿನ್‌ಗೆ ವೈದ್ಯರ ಒಪ್ಪಿಗೆ ಇಲ್ಲದೆ ಕೈಯೇ ಹಾಕಬಾರದವರು: ವಾರ್ಫರಿನ್ ಅಥವಾ ಬೇರೆ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಕಿಡ್ನಿ ಅಥವಾ ಮಜ್ಜೆ ಕಸಿ ಆಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರು, ಇಮ್ಯುನೊಥೆರಪಿಯಲ್ಲಿರುವವರು, ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾ ಇರುವವರು, ಬಿಪಿಗೆ ನಿಫೆಡಿಪಿನ್ ನುಂಗುವವರು. ಮೆಲಟೋನಿನ್ ನಿರೋಧಕ ಕೋಶಗಳನ್ನು ಪ್ರಚೋದಿಸುತ್ತದೆ, ನಿಫೆಡಿಪಿನ್‌ನ ಪರಿಣಾಮ ತಗ್ಗಿಸಿ ಬಿಪಿ ಏರಿಸಿದ್ದೂ ಕಂಡಿದೆ. ರೇಡಿಯೇಷನ್ ನಡೆಯುವಾಗ ದೊಡ್ಡ ಡೋಸ್‌ನ ಆಂಟಿಆಕ್ಸಿಡೆಂಟ್ ಏನನ್ನೂ ಕೇಳದೆ ಸೇರಿಸಬಾರದು. ಮೆಲಟೋನಿನ್ ಆ ಗುಂಪಿಗೂ ಸೇರುತ್ತದೆ.

ಕಿದ್ವಾಯಿಗೋ ಮೈಸೂರಿಗೋ ಮಂಗಳೂರಿಗೋ ಚಿಕಿತ್ಸೆಗೆ ಹೋಗುವವರು ಫೈಲಿನ ಜೊತೆ ಖಾಲಿ ಸ್ಟ್ರಿಪ್ ಒಯ್ಯಿರಿ. “ನಿದ್ದೆ ಮಾತ್ರೆ” ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ, ಹೆಸರು ಮತ್ತು ಮಿ.ಗ್ರಾಂ ಬೇಕು. ಮೆಲಟೋನಿನ್ ಶುರು ಮಾಡಿದ್ದೇವೆ, ಮುಂದಿನ ಕೀಮೋ ಸ್ವಲ್ಪ ತಡವಾದರೂ ನಡೆಯುತ್ತದೆ ಎಂಬ ಲೆಕ್ಕ ಮಾತ್ರ ಯಾರೂ ಹಾಕಬೇಡಿ. ಮಳೆಯಲ್ಲಿ ರಸ್ತೆ ಕುಸಿದು ಹೋಗಲಾಗದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ದಿನಾಂಕ ಬದಲಿಸಿ, ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯನ್ನಾದರೂ ಮಾಡಿಸಿಡಿ.

ದುಡ್ಡಿಲ್ಲದೆ ಸಿಗುವ ಸರಕು

2005ರ ಪ್ರಯೋಗದಲ್ಲಿ ಕೆಲಸ ಮಾಡಿದ್ದು ಕತ್ತಲೆಯ ರಕ್ತ ಎಂದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, “ಬಹುಶಃ ಕ್ಯಾನ್ಸರ್‌ಕಾರಕ” ಎಂಬ 2ಎ ಗುಂಪಿಗೆ ಸೇರಿಸಿದೆ. ಈಗಾಗಲೇ ಬಂದಿರುವ ಕ್ಯಾನ್ಸರ್ ಕತ್ತಲೆಯಿಂದ ಹೋಗುತ್ತದೆ ಎಂದು ಇದರರ್ಥವಲ್ಲ. ಗ್ರಂಥಿಗೆ ಅದರ ಕೆಲಸ ಮಾಡಲು ಬಿಡಿ ಎಂದಷ್ಟೇ.

ಮಲಗುವ ಮೊದಲಿನ ಮೂರು ಗಂಟೆ ಕಣ್ಣಿಗೆ ಬೀಳುವ ನೀಲಿಪ್ರಧಾನ ಬೆಳಕು 10 ಲಕ್ಸ್ ಮೀರಬಾರದು, ಮಲಗಿದ ಮೇಲೆ 1 ಲಕ್ಸ್ ಮೀರಬಾರದು ಎಂದು 2022ರಲ್ಲಿ ತಜ್ಞರು ಒಮ್ಮತದಿಂದ ಹೇಳಿದ್ದಾರೆ. ಮಾಮೂಲಿ ಕೋಣೆಯ ದೀಪವೇ ಮೆಲಟೋನಿನ್ ಅವಧಿಯನ್ನು ಸುಮಾರು ಒಂದೂವರೆ ಗಂಟೆ ಕತ್ತರಿಸುತ್ತದೆ ಎಂದು 2011ರ ಪ್ರಯೋಗ ಹೇಳುತ್ತದೆ. ಬಿಳಿ ಎಲ್‌ಇಡಿ ತೆಗೆದು 2,700 ಕೆಲ್ವಿನ್ ಎಂದು ಬರೆದಿರುವ ಹಳದಿ ಬಲ್ಬ್ ಹಾಕಿ, ತಲೆಯ ಮೇಲಿನ ದೀಪದ ಬದಲು ಮೂಲೆಯ ದೀಪ ಉರಿಸಿ. ಆನೆಯ ಭಯಕ್ಕೆ ತೋಟದ ಮನೆಗಳಲ್ಲಿ ಅಂಗಳದ ಫ್ಲಡ್‌ಲೈಟ್ ರಾತ್ರಿಯಿಡೀ ಉರಿಯುತ್ತದೆ. ಆರಿಸಿ ಎಂದು ಹೇಳಲಾಗದು. ಅದರ ಮುಖವನ್ನು ನೆಲದತ್ತ ತಿರುಗಿಸಿ, ಚಲನೆಗೆ ಹೊತ್ತಿಕೊಳ್ಳುವ ಸೆನ್ಸರ್ ಹಾಕಿಸಿ, ಮಲಗುವ ಕೋಣೆಯ ಕಿಟಕಿಗೆ ದಪ್ಪ ಪರದೆ ಕಟ್ಟಿ. ಬಚ್ಚಲಿಗೆ ಕೆಂಪು ಝೀರೋ ಬಲ್ಬ್ ಸಾಕು. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಿ, ಮೋಡವಿದ್ದರೂ ಸರಿ.

ಮಾತ್ರೆ ತೆಗೆದುಕೊಂಡು ತೊಂದರೆಯಾದರೆ, ಉದಾಹರಣೆಗೆ ರಕ್ತಸ್ರಾವ, ಮೈ ತುಂಬ ದದ್ದು, ಬಿಪಿ ಏರಿಳಿತ, ವಿಪರೀತ ಗೊಂದಲ, ಮಾತ್ರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಜೊತೆಗೆ ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ ತಿಳಿಸಬಹುದು, ರೋಗಿಯ ಮನೆಯವರೂ ಮಾಡಬಹುದು. ಅಲ್ಲಿ ಬ್ಯಾಚ್ ನಂಬರ್ ಕೇಳುತ್ತಾರೆ. ಅದು ಸ್ಟ್ರಿಪ್‌ನ ಒಂದು ತುದಿಯಲ್ಲಿ ಒತ್ತಿರುತ್ತದೆ, ಆದ್ದರಿಂದ ಮಾತ್ರೆಗಳನ್ನು ಎದುರು ತುದಿಯಿಂದ ಬಿಡಿಸುತ್ತಾ ಬನ್ನಿ, ಬಿಲ್ಲನ್ನು ಸ್ಟ್ರಿಪ್ ಜೊತೆಗೇ ಇಡಿ.